14 ತಿಂಗಳ ನಂತರ ಮತ್ತೆ ಕುಡಿದ ತಮ್ಮ: ಎಲ್ಲವೂ ಮೊದಲಿಗೆ ಬಂತೇ?

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಸುಮಾರು 11 ವರ್ಷ ವಿಪರೀತ ಕುಡಿಯುತ್ತಿದ್ದ. ವ್ಯಸನಮುಕ್ತಿ ಕೇಂದ್ರದಲ್ಲಿ ಒಂದು ತಿಂಗಳು ಇದ್ದು ಬಂದ ಮೇಲೆ 14 ತಿಂಗಳು ಒಂದು ತೊಟ್ಟೂ ಮುಟ್ಟಲಿಲ್ಲ. ಅವನಿಗೆ ಖಿನ್ನತೆಯೂ ಇದೆ ಎಂದು ಹೇಳಿದ್ದ ವೈದ್ಯರು ಅದಕ್ಕೊಂದು ಮಾತ್ರೆಯನ್ನೂ ಕುಡಿಯುವ ಆಸೆ ತಗ್ಗಲು ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯನ್ನೂ ಕೊಟ್ಟಿದ್ದರು. ನಾಲ್ಕು ತಿಂಗಳ ಹಿಂದೆ, "ಈಗ ಚೆನ್ನಾಗಿದ್ದೀಯಲ್ಲ, ಒಂದು ಚಟ ಬಿಟ್ಟು ಇನ್ನೊಂದು ಚಟ ಏಕೆ" ಎಂದು ನಾವೇ ಹೇಳಿ ಎರಡನ್ನೂ ಬಿಡಿಸಿದೆವು. ಕೆಲವು ವಾರಗಳಲ್ಲಿ ಅವನ ನಿದ್ದೆ ಕೆಟ್ಟಿತು, ಸಣ್ಣದಕ್ಕೂ ಸಿಡುಕುತ್ತಿದ್ದ. ಎರಡು ವಾರದ ಹಿಂದೆ ಕೆಲಸದ ಮೇಲೆ ಹೊರಗೆ ಹೋದಾಗ ಮೂರು ರಾತ್ರಿ ಕುಡಿದನಂತೆ. ಅವನೇ ಬಂದು ನನ್ನ ಬಳಿ ಹೇಳಿಕೊಂಡ. ಅಂದಿನಿಂದ ಕುಡಿದಿಲ್ಲ, ಆದರೆ ಕೋಣೆ ಬಿಟ್ಟು ಹೊರಗೆ ಬರುವುದಿಲ್ಲ. "ನಾನಿಲ್ಲದಿದ್ದರೆ ನೀವೆಲ್ಲ ನೆಮ್ಮದಿಯಾಗಿರುತ್ತೀರಿ" ಎನ್ನುತ್ತಾನೆ. ಮಾಡಿದ್ದೆಲ್ಲ ನೀರಲ್ಲಿ ಹೋಮವಾಯಿತು ಎಂದು ಅಪ್ಪ ಕೈಚೆಲ್ಲಿದ್ದಾರೆ. ಕುಡಿದರೆ ವಾಂತಿಯಾಗುವ ಮಾತ್ರೆಯೊಂದಿದೆ, ಅವನಿಗೆ ತಿಳಿಯದಂತೆ ಊಟದಲ್ಲಿ ಬೆರೆಸಿ ಎಂದು ಪರಿಚಿತರೊಬ್ಬರು ಅಮ್ಮನಿಗೆ ಹೇಳಿಕೊಟ್ಟಿದ್ದಾರೆ. ಮತ್ತೆ ಕೇಂದ್ರಕ್ಕೆ ಸೇರಿಸಿ ಎನ್ನುವುದು ಚಿಕ್ಕಪ್ಪನ ಮಾತು. ಕುಡಿತದಿಂದ ಖಿನ್ನತೆಯೋ, ಖಿನ್ನತೆಯಿಂದ ಕುಡಿತವೋ? ಮಾತ್ರೆಯನ್ನು ಜೀವನಪೂರ್ತಿ ನುಂಗಬೇಕೇ? ನಾವು ಏನು ಮಾಡಬೇಕು? ಈ ಭಯ ಎಂದಿಗಾದರೂ ಮುಗಿಯುತ್ತದೆಯೇ?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ, ಎಲ್ಲಕ್ಕೂ ಬರುತ್ತೇನೆ. ಆದರೆ ನೀವು ನಡುವೆ ಬರೆದು ಮುಂದೆ ಸಾಗಿದ ಒಂದು ವಾಕ್ಯವನ್ನು ನಾನು ಮೊದಲು ಎತ್ತಿಕೊಳ್ಳಬೇಕಾಗಿದೆ. "ನಾನಿಲ್ಲದಿದ್ದರೆ ನೀವೆಲ್ಲ ನೆಮ್ಮದಿಯಾಗಿರುತ್ತೀರಿ" ಎಂದು ನಿಮ್ಮ ತಮ್ಮ ಹೇಳುತ್ತಿದ್ದಾರೆ. ಖಿನ್ನತೆ ಇರುವವರು, ಅದರಲ್ಲೂ ಕುಡಿತ ಬಿಟ್ಟು ಮತ್ತೆ ಕುಡಿದು ನಾಚಿಕೆಯಲ್ಲಿ ಮುಳುಗಿರುವವರು ಆಡುವ ಇಂಥ ಮಾತನ್ನು ಬೇಸರದ ಮಾತೆಂದು ತಳ್ಳಿಹಾಕುವಂತಿಲ್ಲ. ಇವತ್ತೇ ಅವರ ಪಕ್ಕದಲ್ಲಿ ಕುಳಿತು, ಸುತ್ತುಬಳಸದೆ, "ಸತ್ತುಹೋಗಬೇಕು ಅನ್ನುವ ಯೋಚನೆ ಬರುತ್ತಿದೆಯಾ?" ಎಂದು ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ಹಾಕಿದಂತಾಗುತ್ತದೆ ಎಂಬ ಅಂಜಿಕೆ ಬಹಳ ಮನೆಗಳಲ್ಲಿದೆ, ಅದು ನಿಜವಲ್ಲ. ಒಳಗೆ ಅಂಥ ಯೋಚನೆ ಇರುವವರಿಗೆ, ಯಾರಾದರೂ ನೇರವಾಗಿ ಕೇಳಿದಾಗ ಎದೆಯ ಭಾರ ಸ್ವಲ್ಪ ಇಳಿಯುವುದನ್ನೇ ನಾನು ಹೆಚ್ಚಾಗಿ ಕಂಡಿದ್ದೇನೆ. ಹೌದು ಎಂದರೆ, ಅಥವಾ ಉತ್ತರ ಕೊಡದೆ ಮುಖ ತಿರುಗಿಸಿದರೆ, ಅವರನ್ನು ಒಬ್ಬರೇ ಇರಲು ಬಿಡಬೇಡಿ, ಮನೆಯಲ್ಲಿ ಅಪಾಯಕ್ಕೆ ದಾರಿಯಾಗಬಲ್ಲ ವಸ್ತುಗಳನ್ನೂ ಉಳಿದ ಮಾತ್ರೆಗಳನ್ನೂ ಅವರ ಕೈಗೆ ಸಿಗದಂತೆ ತೆಗೆದಿಡಿ, ಅದೇ ದಿನ ಮನೋವೈದ್ಯರ ಬಳಿ ಅಥವಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಇಲ್ಲ ಎಂದರೂ ಈ ವಾರದೊಳಗೆ ವೈದ್ಯರ ಭೇಟಿ ಆಗಲೇಬೇಕು. ಕೆಳಗೆ ನಾನು ಬರೆಯುವುದೆಲ್ಲ ಇದಾದ ಮೇಲಿನ ಮಾತು.

ಈಗ ನಿಮ್ಮ ತಂದೆಯವರ ಮಾತಿಗೆ ಬರೋಣ. 14 ತಿಂಗಳ ಶ್ರಮವೆಲ್ಲ ವ್ಯರ್ಥವಾಯಿತು ಎಂಬ ಅವರ ನೋವು ನನಗೆ ಅರ್ಥವಾಗುತ್ತದೆ, ಆದರೆ ಲೆಕ್ಕ ತಪ್ಪಾಗಿದೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಪ್ರಕಟಿಸಿದ, ಇಂದು ಜಗತ್ತಿನ ಹಲವೆಡೆ ಬಳಕೆಯಲ್ಲಿರುವ ರೋಗನಿರ್ಣಯದ ಕೈಪಿಡಿಯಲ್ಲಿ ಮದ್ಯಬಳಕೆಯ ಕಾಯಿಲೆಗೆ 11 ಲಕ್ಷಣಗಳನ್ನು ಪಟ್ಟಿಮಾಡಲಾಗಿದೆ. ತುಡಿತವೊಂದನ್ನು ಬಿಟ್ಟು ಉಳಿದ ಯಾವ ಲಕ್ಷಣವೂ 12 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ಕಾಣದಿದ್ದರೆ ಅದನ್ನು ಸ್ಥಿರ ಉಪಶಮನ ಎಂದು ಕರೆಯುತ್ತಾರೆ. ನಿಮ್ಮ ತಮ್ಮ ಆ ಗೆರೆಯನ್ನು ದಾಟಿದವರು. ಆ 14 ತಿಂಗಳಲ್ಲಿ ಅವರ ಯಕೃತ್ತು ಚೇತರಿಸಿಕೊಳ್ಳುತ್ತ ಬಂದಿದೆ, ನೆನಪು ಮತ್ತು ಗಮನ ಸುಧಾರಿಸಿವೆ, ಸಂಜೆಯನ್ನು ಕುಡಿಯದೆ ಕಳೆಯುವುದು ಹೇಗೆಂದು ಅವರು ನಾನೂರಕ್ಕೂ ಹೆಚ್ಚು ಸಲ ಕಲಿತಿದ್ದಾರೆ. ಮೂರು ರಾತ್ರಿಗಳು ಅದನ್ನು ಅಳಿಸಲಾರವು. ನನಗೆ ಮುಖ್ಯವಾಗಿ ಕಂಡದ್ದು ಬೇರೆ ಎರಡು ಸಂಗತಿಗಳು: ನಾಲ್ಕನೆಯ ರಾತ್ರಿ ಅವರು ತಾವಾಗಿಯೇ ನಿಲ್ಲಿಸಿದರು, ಮನೆಗೆ ಬಂದು ಅಕ್ಕನ ಬಳಿ ಹೇಳಿಕೊಂಡರು. 11 ವರ್ಷ ಕುಡಿಯುತ್ತಿದ್ದಾಗ ಇವೆರಡರಲ್ಲಿ ಒಂದನ್ನಾದರೂ ಅವರು ಮಾಡಿದ್ದರೇ ಎಂದು ತಂದೆಯವರನ್ನೇ ಕೇಳಿ.

ಚಿಕಿತ್ಸೆ ಪಡೆದವರಲ್ಲಿ ಶೇ 40ರಿಂದ 60ರಷ್ಟು ಮಂದಿ ಮತ್ತೆ ಒಮ್ಮೆಯಾದರೂ ಹಳೆಯ ವ್ಯಸನಕ್ಕೆ ಮರಳುತ್ತಾರೆಂದು ಅಮೆರಿಕದ ಸಂಶೋಧಕರಾದ ಟಾಮಸ್ ಮೆಕ್‌ಲೆಲನ್ ಮತ್ತು ಸಂಗಡಿಗರು 2000ನೇ ಇಸವಿಯ ಪ್ರಬಂಧವೊಂದರಲ್ಲಿ ಲೆಕ್ಕ ಹಾಕಿ, ಅದನ್ನು ರಕ್ತದೊತ್ತಡ ಮತ್ತು ಅಸ್ತಮಾದ ಜೊತೆಗಿಟ್ಟು ನೋಡಿದರು. ಆ ಕಾಯಿಲೆಗಳಲ್ಲೂ ಹತೋಟಿ ತಪ್ಪುವವರ ಪ್ರಮಾಣ ಶೇ 50ರಿಂದ 70ರಷ್ಟಿತ್ತು. ರಕ್ತದೊತ್ತಡದ ಮಾತ್ರೆ ಬಿಟ್ಟ ವ್ಯಕ್ತಿಗೆ ಒತ್ತಡ ಏರಿದಾಗ ನಾವು ಅವನ ಗುಣವನ್ನು ಶಂಕಿಸುವುದಿಲ್ಲ, ಮಾತ್ರೆ ಯಾವಾಗ ನಿಂತಿತೆಂದು ವಿಚಾರಿಸುತ್ತೇವೆ. ನಿಮ್ಮ ತಮ್ಮನ ವಿಷಯದಲ್ಲೂ ಅದೇ ಪ್ರಶ್ನೆಯನ್ನು ಕೇಳಬೇಕು. ಉತ್ತರ ನಿಮ್ಮ ಪತ್ರದಲ್ಲೇ ಇದೆ. ಅವರು ಜಾರತೊಡಗಿದ್ದು ಹೊರಗೆ ಹೋದ ಆ ಮೊದಲ ರಾತ್ರಿಯಲ್ಲ. ನಾಲ್ಕು ತಿಂಗಳ ಹಿಂದೆ ಮಾತ್ರೆಗಳು ನಿಂತಾಗ ಆರಂಭವಾಗಿ, ನಿದ್ದೆ ಕೆಡುವುದರಲ್ಲಿ, ಸಿಡುಕಿನಲ್ಲಿ ಒಂದೊಂದೇ ಮೆಟ್ಟಿಲಾಗಿ ಕಾಣಿಸಿಕೊಂಡು, ಕೊನೆಗೆ ಬಾಟಲಿಯವರೆಗೆ ತಲುಪಿದೆ. ತಪ್ಪು ನಿಮ್ಮದೆಂದು ಹೊರಿಸಲು ಇದನ್ನು ಹೇಳುತ್ತಿಲ್ಲ. ಪ್ರೀತಿಯಿಂದಲೇ ಆ ಸಲಹೆ ಕೊಟ್ಟಿರಿ, ಬಹಳ ಮನೆಗಳಲ್ಲಿ ಹೀಗೇ ಆಗುತ್ತದೆ. ಆದರೆ ಎಲ್ಲಿಂದ ಜಾರಿತು ಎಂಬುದು ಸರಿಯಾಗಿ ತಿಳಿಯದಿದ್ದರೆ, ನಾವು ಮದ್ಯವನ್ನು ಮಾತ್ರ ಕಾಯುತ್ತ ಕುಳಿತು, ಮನಸ್ಸು ಮತ್ತೊಮ್ಮೆ ಕುಸಿಯುವುದನ್ನು ಕಾಣದೆ ಹೋಗುತ್ತೇವೆ.

ಕುಡಿತದಿಂದ ಖಿನ್ನತೆಯೋ, ಖಿನ್ನತೆಯಿಂದ ಕುಡಿತವೋ ಎಂಬ ನಿಮ್ಮ ಪ್ರಶ್ನೆ ವೈದ್ಯರನ್ನೂ ಬಹುಕಾಲ ಕಾಡಿದ್ದು. ಎರಡೂ ದಿಕ್ಕಿನಲ್ಲಿ ದಾರಿ ಇದೆ. ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುವ ವಸ್ತು. ಅದು ಮಿದುಳಿನ ಬ್ರೇಕನ್ನು ಒತ್ತುತ್ತದೆ, ಆಕ್ಸಿಲರೇಟರನ್ನು ಸಡಿಲಿಸುತ್ತದೆ ಎಂದುಕೊಳ್ಳಿ. ದಿನವೂ ಹೀಗಾದಾಗ ಮಿದುಳು ಸಮತೋಲ ಕಾಯಲು ತನ್ನ ಬ್ರೇಕನ್ನು ತಾನೇ ದುರ್ಬಲಗೊಳಿಸಿ, ಆಕ್ಸಿಲರೇಟರನ್ನು ಬಿಗಿಮಾಡಿಕೊಳ್ಳುತ್ತದೆ. ಮದ್ಯ ನಿಂತ ಮೇಲೆ ಆ ಹೊಂದಾಣಿಕೆ ಹಾಗೆಯೇ ಉಳಿಯುವುದರಿಂದ ಆತಂಕ, ನಿದ್ದೆಗೇಡು, ಕಿರಿಕಿರಿ ಬರುತ್ತವೆ. ಸುಖವನ್ನು ಗುರುತಿಸುವ ಡೋಪಮೈನ್ ವ್ಯವಸ್ಥೆಯೂ ಮಂಕಾಗಿರುವುದರಿಂದ ಯಾವುದರಲ್ಲೂ ರುಚಿ ಇಲ್ಲವಾಗುತ್ತದೆ. ಇದು ಹೊರನೋಟಕ್ಕೆ ಖಿನ್ನತೆಯಂತೆಯೇ ಇರುತ್ತದೆ. ಸಾಂಡ್ರಾ ಬ್ರೌನ್ ಮತ್ತು ಮಾರ್ಕ್ ಶುಕಿಟ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚಿಕಿತ್ಸೆಗೆ ಸೇರಿದ ಮದ್ಯವ್ಯಸನಿ ಗಂಡಸರಲ್ಲಿ ಶೇ 42ರಷ್ಟು ಜನರಿಗೆ ಮೊದಲ ದಿನಗಳಲ್ಲಿ ಗಂಭೀರ ಖಿನ್ನತೆಯ ಲಕ್ಷಣಗಳಿದ್ದವು; ಕುಡಿಯದೆ ನಾಲ್ಕು ವಾರ ಕಳೆದಾಗ ಆ ಪ್ರಮಾಣ ಶೇ 6ಕ್ಕೆ ಇಳಿದಿತ್ತು. ಆದ್ದರಿಂದಲೇ ನಾವು ಕುಡಿತ ನಿಂತ ಸುಮಾರು ಒಂದು ತಿಂಗಳವರೆಗೆ, ಜೀವಕ್ಕೆ ಅಪಾಯವಿಲ್ಲದಿದ್ದರೆ, ಖಿನ್ನತೆಯ ಹೆಸರನ್ನು ಖಚಿತವಾಗಿ ಹಚ್ಚಲು ಅವಸರ ಮಾಡುವುದಿಲ್ಲ.

ಇನ್ನೊಂದು ದಿಕ್ಕಿನಲ್ಲಿ, ಮೊದಲೇ ಇರುವ ಮನಸ್ಸಿನ ನೋವಿಗೆ ಮದ್ಯವನ್ನೇ ಔಷಧಿಯಂತೆ ಬಳಸುವವರಿದ್ದಾರೆ. ಎಡ್ವರ್ಡ್ ಖಾಂಟ್ಜಿಯನ್ ಎಂಬ ಮನೋವೈದ್ಯರು 1985ರಲ್ಲಿ ಈ ವಿಚಾರವನ್ನು ವಿವರವಾಗಿ ಮಂಡಿಸಿದರು. ನಿದ್ದೆಗಾಗಿ, ನಾಲ್ಕು ಜನರ ಮುಂದೆ ಮಾತಾಡುವ ಧೈರ್ಯಕ್ಕಾಗಿ, ಹಳೆಯದೊಂದು ಆಘಾತದ ನೆನಪನ್ನು ಅಡಗಿಸಲು ಕುಡಿಯಲು ತೊಡಗಿದವರನ್ನು ನಾನು ವಾರವಾರವೂ ನೋಡುತ್ತೇನೆ. ನಿಮ್ಮ ತಮ್ಮನ ವಿಷಯದಲ್ಲಿ ಒಂದು ಸುಳಿವು ಸ್ಪಷ್ಟವಾಗಿದೆ: ತಿಂಗಳುಗಟ್ಟಲೆ ಮದ್ಯ ಇಲ್ಲದಿದ್ದಾಗ, ಮಾತ್ರೆ ನಿಂತ ಮೇಲೆ ನಿದ್ದೆ ಮತ್ತು ಮನಃಸ್ಥಿತಿ ಕೆಟ್ಟಿವೆ. ಅಂದರೆ ಈ ಕುಸಿತಕ್ಕೆ ಮದ್ಯವನ್ನು ಕಾರಣವಾಗಿ ತೋರಿಸಲಾಗದು. ಖಿನ್ನತೆಗೆ ಅವರಲ್ಲಿ ತನ್ನದೇ ಬೇರು ಇರುವಂತೆ ಕಾಣುತ್ತದೆ. ಅವರನ್ನು ನೋಡದೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಲ್ಲ. ವೈದ್ಯರು ಇನ್ನೊಂದನ್ನೂ ವಿಚಾರಿಸಬೇಕು: ನಿದ್ದೆಯೇ ಬೇಡವೆನಿಸುವಷ್ಟು ಉತ್ಸಾಹ, ಬಿಡುವಿಲ್ಲದ ಮಾತು, ಲೆಕ್ಕವಿಲ್ಲದ ಖರ್ಚು ಕೆಲವು ದಿನಗಳ ಕಾಲ ಇದ್ದದ್ದುಂಟೇ? ಇದ್ದಿದ್ದರೆ ಅದು ಉನ್ಮಾದ ಮತ್ತು ಖಿನ್ನತೆ ಬೇರೆ ಬೇರೆ ಕಾಲದಲ್ಲಿ ಬರುವ ಬೈಪೋಲಾರ್ ಕಾಯಿಲೆಯಿರಬಹುದು. ಅದಕ್ಕೆ ಖಿನ್ನತೆಯ ಮಾತ್ರೆಯನ್ನಷ್ಟೇ ಕೊಟ್ಟರೆ ಉನ್ಮಾದ ಕೆರಳುವ ಅಪಾಯವಿದೆ. ಈ ಪ್ರಶ್ನೆ ಅನೇಕ ಸಲ ಕೇಳದೆ ಉಳಿಯುತ್ತದೆ, ಕುಡಿದಾಗಿನ ವರ್ತನೆಯ ಲೆಕ್ಕಕ್ಕೆ ಅದೂ ಸೇರಿಹೋಗಿರುತ್ತದೆ.

ಯಾವುದು ಮೊದಲು ಬಂತು ಎಂಬುದು ಗೊತ್ತಾದರೂ ಚಿಕಿತ್ಸೆಯನ್ನು ಎರಡು ಪಾಲು ಮಾಡುವಂತಿಲ್ಲ. "ಮೊದಲು ಕುಡಿತ ಬಿಟ್ಟು ಬಾ, ಆಮೇಲೆ ಮನಸ್ಸನ್ನು ನೋಡೋಣ" ಎಂದು ಒಬ್ಬರು, "ಮೊದಲು ಮನಸ್ಸು ಸರಿಯಾಗಲಿ" ಎಂದು ಇನ್ನೊಬ್ಬರು ಹೇಳಿ, ರೋಗಿ ಎರಡು ಬಾಗಿಲುಗಳ ನಡುವೆ ಅಲೆಯುವ ಪದ್ಧತಿ ಬಹುಕಾಲ ಇತ್ತು, ಇಂದಿಗೂ ಪೂರ್ತಿ ಹೋಗಿಲ್ಲ. ಎರಡನ್ನೂ ಒಂದೇ ತಂಡ, ಒಂದೇ ಕಡತದಲ್ಲಿ ನೋಡಿಕೊಳ್ಳುವುದು ಮೇಲು ಎನ್ನುವುದರಲ್ಲಿ ಇಂದು ಪರಿಣತರ ನಡುವೆ ಹೆಚ್ಚು ಭಿನ್ನಾಭಿಪ್ರಾಯವಿಲ್ಲ. ಒಂದೇ ಕಡೆ ಸಿಗದಿದ್ದರೆ, ಇಬ್ಬರು ವೈದ್ಯರು ಪರಸ್ಪರ ಮಾತಾಡಿಕೊಳ್ಳುವಂತೆ ಮಾಡುವ ಹೊಣೆಯನ್ನು ಮನೆಯಲ್ಲಿ ಒಬ್ಬರು ಹೊತ್ತುಕೊಂಡರೂ ಬಹಳ ಸಹಾಯವಾಗುತ್ತದೆ.

ಈಗ ಮಾತ್ರೆಗಳ ವಿಷಯ. ಒಂದು ಚಟ ಬಿಟ್ಟು ಇನ್ನೊಂದು ಚಟ ಎಂಬ ಮಾತನ್ನು ಕೇಳಿ ಕೇಳಿ ಔಷಧ ಬಿಟ್ಟವರು ಮತ್ತೆ ಹಾಸಿಗೆ ಹಿಡಿದು ಬಂದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಚಟವೆಂದರೆ ತುಡಿತ, ಪ್ರಮಾಣ ಏರಿಸುತ್ತ ಹೋಗುವುದು, ಬದುಕು ಹಾಳಾಗುತ್ತಿದ್ದರೂ ಬಿಡಲಾಗದಿರುವುದು. ಖಿನ್ನತೆಯ ಸಾಮಾನ್ಯ ಮಾತ್ರೆಗಳಿಗಾಗಿ ಯಾರೂ ರಾತ್ರಿ ಬೀದಿ ಅಲೆಯುವುದಿಲ್ಲ. ಅವನ್ನು ಥಟ್ಟನೆ ನಿಲ್ಲಿಸಿದರೆ ಕೆಲವರಿಗೆ ತಲೆಸುತ್ತು, ವಾಕರಿಕೆ, ಕರೆಂಟು ತಗುಲಿದಂಥ ಜುಮ್ಮೆನ್ನುವಿಕೆ, ಕಿರಿಕಿರಿ, ವಿಚಿತ್ರ ಕನಸುಗಳು ಬರುತ್ತವೆ ಎನ್ನುವುದು ನಿಜ. ದೇಹ ಹೊಂದಿಕೊಂಡದ್ದರ ಗುರುತು ಅದು, ವ್ಯಸನದ ಗುರುತಲ್ಲ. ವಾರಗಳ ಕಾಲ ಕ್ರಮೇಣ ಇಳಿಸಿ ನಿಲ್ಲಿಸುವುದು ಇದೇ ಕಾರಣಕ್ಕೆ. ನಿಮ್ಮ ತಮ್ಮನ ಮೊದಲ ವಾರಗಳ ಸಿಡುಕಿನಲ್ಲಿ ಇದರ ಪಾಲೂ ಇದ್ದಿರಬಹುದು. ನಿಜವಾಗಿ ಚಟ ಹಿಡಿಸಬಲ್ಲ ಮಾತ್ರೆಗಳು ಬೇರೆ ಇವೆ: ನಿದ್ದೆಗೆಂದು, ಆತಂಕಕ್ಕೆಂದು ಕೊಡುವ ಬೆಂಜೊಡಯಾಜೆಪೀನ್ ಗುಂಪಿನ ಗುಳಿಗೆಗಳು. ಕುಡಿತ ಬಿಡಿಸುವ ಮೊದಲ ಕೆಲವು ದಿನಗಳಲ್ಲಿ ಅವು ಜೀವ ಉಳಿಸುತ್ತವೆ, ಆದರೆ ವ್ಯಸನದ ಹಿನ್ನೆಲೆ ಇರುವವರು ಅವನ್ನು ತಿಂಗಳುಗಟ್ಟಲೆ ತೆಗೆದುಕೊಳ್ಳಬಾರದು. ನಿದ್ದೆ ಬರುತ್ತಿಲ್ಲವೆಂದು ಯಾರಾದರೂ ತಮ್ಮ ಮನೆಯ ಗುಳಿಗೆ ಕೊಟ್ಟರೆ ಬೇಡವೆನ್ನಿ.

ನಾಲ್ಟ್ರೆಕ್ಸೋನ್ ಕೆಲಸ ಮಾಡುವ ರೀತಿ ಸರಳ. ಕುಡಿದಾಗ ಮಿದುಳಿನಲ್ಲಿ ಹೊಮ್ಮುವ, ಸುಖದ ಅನುಭವ ಕೊಡುವ ರಾಸಾಯನಿಕಗಳಾದ ಎಂಡಾರ್ಫಿನ್‌ಗಳು ಹೋಗಿ ಕೂರಬೇಕಾದ ಜಾಗವನ್ನು ಅದು ಮೊದಲೇ ಹಿಡಿದಿಡುತ್ತದೆ; ಆದ್ದರಿಂದ ಕುಡಿದರೂ ಹಿಂದಿನ ಸುಖ ಸಿಗುವುದಿಲ್ಲ, ತುಡಿತವೂ ಕ್ರಮೇಣ ಇಳಿಯುತ್ತದೆ. ಅಮೆರಿಕದಲ್ಲಿ ಮದ್ಯವ್ಯಸನದ ಚಿಕಿತ್ಸೆಗೆ 1994ರಲ್ಲಿ ಇದಕ್ಕೆ ಅನುಮತಿ ದೊರೆಯಿತು. ಇದರಿಂದ ಅಮಲು ಏರುವುದಿಲ್ಲ, ಚಟವೂ ಹಿಡಿಯುವುದಿಲ್ಲ. ಯಕೃತ್ತಿನ ಪರೀಕ್ಷೆ ಮಾಡಿಸಬೇಕು, ಅಫೀಮು ಜಾತಿಯ ನೋವುನಿವಾರಕಗಳ ಜೊತೆ ಇದನ್ನು ಕೊಡುವಂತಿಲ್ಲ. ಇದು ಹೊಂದದವರಿಗೆ ಅಕಾಂಪ್ರೊಸೇಟ್ ಇದೆ. ಅದನ್ನು ಕೊಡುವ ಮುನ್ನ ಮೂತ್ರಪಿಂಡಗಳು ಸರಿಯಾಗಿವೆಯೇ ಎಂದು ನೋಡುತ್ತಾರೆ. ಹಳೆಯ ಡಬ್ಬಿಯಲ್ಲಿ ಮಾತ್ರೆ ಉಳಿದಿದೆ ಎಂದು ನೀವೇ ಮತ್ತೆ ಆರಂಭಿಸಬೇಡಿ. ನಾಲ್ಕು ತಿಂಗಳ ಬಿಡುವಿನ ನಂತರ ಪ್ರಮಾಣವನ್ನು ವೈದ್ಯರು ಹೊಸದಾಗಿ ನಿರ್ಧರಿಸಬೇಕಾಗುತ್ತದೆ.

ಜೀವನಪೂರ್ತಿ ಬೇಕೇ ಎಂದರೆ, ಬಹುಪಾಲು ಜನರಿಗೆ ಬೇಕಾಗುವುದಿಲ್ಲ. ಖಿನ್ನತೆಯ ಲಕ್ಷಣಗಳು ಪೂರ್ತಿ ಹೋದ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮಾತ್ರೆ ಮುಂದುವರಿಸುವುದು ವಾಡಿಕೆ. ಮತ್ತೆ ಮತ್ತೆ ಬಂದಿದ್ದರೆ ಎರಡು ವರ್ಷ ಅಥವಾ ಇನ್ನೂ ಹೆಚ್ಚು. ನಿಲ್ಲಿಸುವ ಕಾಲ ಬಂದಾಗ ಎರಡನ್ನೂ ಒಟ್ಟಿಗೆ ನಿಲ್ಲಿಸದೆ, ಒಂದಾದ ಮೇಲೊಂದರಂತೆ, ಬದುಕಿನಲ್ಲಿ ಬೇರೆ ಒತ್ತಡವಿಲ್ಲದ ದಿನಗಳನ್ನು ನೋಡಿ, ನಿದ್ದೆಯ ಮೇಲೆ ಕಣ್ಣಿಟ್ಟು ಇಳಿಸುತ್ತೇವೆ. ಚೆನ್ನಾಗಿದ್ದಾರೆ ಎನ್ನುವುದೊಂದೇ ನಿಲ್ಲಿಸಲು ಸಾಕಾದ ಕಾರಣವಲ್ಲ, ಮಾತ್ರೆಯಿಂದಲೇ ಅವರು ಚೆನ್ನಾಗಿದ್ದಿರಬಹುದು.

ನಿಮ್ಮ ತಾಯಿಯವರಿಗೆ ಹೇಳಿಕೊಟ್ಟ ಗುಟ್ಟಿನ ಮಾತ್ರೆಯ ಬಗ್ಗೆ ನಾನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಅದು ಡೈಸಲ್ಫಿರಾಮ್. ಕೋಪನ್‌ಹೇಗನ್‌ನ ಸಂಶೋಧಕರಾದ ಯೆನ್ಸ್ ಹಾಲ್ಡ್ ಮತ್ತು ಎರಿಕ್ ಯಾಕೊಬ್‌ಸೆನ್ 1948ರಲ್ಲಿ ಇದರ ಪರಿಣಾಮವನ್ನು ಪ್ರಕಟಿಸಿದರು. ದೇಹದೊಳಗೆ ಮದ್ಯ ಅಸಿಟಾಲ್ಡಿಹೈಡ್ ಎಂಬ ವಿಷಕಾರಿ ವಸ್ತುವಾಗಿ ಬದಲಾಗುತ್ತದೆ, ಅದನ್ನು ಒಂದು ಕಿಣ್ವ ಕೂಡಲೇ ಕರಗಿಸುತ್ತದೆ. ಡೈಸಲ್ಫಿರಾಮ್ ಆ ಕಿಣ್ವವನ್ನು ತಡೆಯುತ್ತದೆ. ವಿಷ ಶೇಖರವಾಗಿ ಮುಖ ಕೆಂಪೇರಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೆಚ್ಚು ಕುಡಿದವರಲ್ಲಿ, ಹೃದಯದ ತೊಂದರೆ ಇರುವವರಲ್ಲಿ ಸಾವೂ ಸಂಭವಿಸಿದೆ. ಮಾತ್ರೆ ನಿಲ್ಲಿಸಿದ ಮೇಲೂ ಸುಮಾರು ಎರಡು ವಾರ ಇದರ ಪರಿಣಾಮ ಉಳಿಯಬಹುದು. ಎಲ್ಲ ತಿಳಿದು, ಒಪ್ಪಿ, ಮನೆಯವರ ಮುಂದೆ ದಿನವೂ ತಾವೇ ನುಂಗುವ ಕೆಲವರಿಗೆ ಇದು ಒಳ್ಳೆಯ ಊರುಗೋಲಾಗಿದೆ, ನಾನೂ ಬರೆದುಕೊಡುತ್ತೇನೆ. ಆದರೆ ತಿಳಿಯದಂತೆ ಬೆರೆಸಿದಾಗ, ಆ ವ್ಯಕ್ತಿ ತನಗೇನಾಗುತ್ತಿದೆ ಎಂದು ಅರಿಯದೆ ಪ್ರಾಣಾಪಾಯಕ್ಕೆ ಸಿಲುಕುತ್ತಾನೆ. ಮದ್ಯಸಾರವಿರುವ ಕೆಮ್ಮಿನ ಔಷಧಿಯಿಂದಲೂ ಪ್ರತಿಕ್ರಿಯೆ ಆಗಬಹುದು. ರೋಗಿಗೆ ತಿಳಿಸದೆ ಇದನ್ನು ಎಂದಿಗೂ ಕೊಡಬಾರದು ಎಂಬುದು ಈ ಔಷಧದ ಮೊದಲ ನಿಯಮ. ಇನ್ನೊಂದು ನಷ್ಟವೂ ಇದೆ. ಮನೆಯ ಊಟದ ಮೇಲಿನ ನಂಬಿಕೆ ಒಮ್ಮೆ ಹೋದರೆ, ನಾಳೆ ಜಾರಿದಾಗ ಅವರು ಅಕ್ಕನ ಬಳಿ ಬಂದು ಹೇಳಿಕೊಳ್ಳುವುದಿಲ್ಲ. ತಾಯಿಯವರಿಗೆ ಈ ಭಾಗವನ್ನು ದಯವಿಟ್ಟು ಓದಿ ಹೇಳಿ.

ಮತ್ತೆ ಕೇಂದ್ರಕ್ಕೆ ಸೇರಿಸಬೇಕೇ? ದಾಖಲಾಗಲೇಬೇಕಾದ ಸಂದರ್ಭಗಳಿವೆ: ಆತ್ಮಹತ್ಯೆಯ ಯೋಚನೆ ಬಲವಾಗಿರುವುದು, ದಿನನಿತ್ಯದ ಕುಡಿತ ಮರಳಿ ಅದನ್ನು ನಿಲ್ಲಿಸಿದರೆ ಅಪಾಯವಿರುವುದು, ಇಲ್ಲದ ದನಿ ಕೇಳಿಸುವುದು, ಮನೆಯೇ ಸುರಕ್ಷಿತವಲ್ಲದಿರುವುದು. ಎರಡನೆಯದನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಇಲ್ಲಿ ಮನೆಮದ್ದು ಕೊಲ್ಲುತ್ತದೆ. ದೀರ್ಘಕಾಲ ದಿನವೂ ಕುಡಿದವರು ಥಟ್ಟನೆ ನಿಲ್ಲಿಸಿದರೆ ಆರು ಗಂಟೆಗಳ ಆಸುಪಾಸಿನಿಂದ ನಡುಕ, ಬೆವರು ಶುರುವಾಗಬಹುದು, ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು, ಎರಡರಿಂದ ನಾಲ್ಕನೆಯ ದಿನದ ನಡುವೆ ಸನ್ನಿ ಹಿಡಿದಂತೆ ಗುರುತು ತಪ್ಪಿ, ಇಲ್ಲದ್ದನ್ನು ಕಂಡು ಚೀರಾಡುವ ಸ್ಥಿತಿ ಬರಬಹುದು. ಇಂಥ ಹಿಂತೆಗೆತ ಒಬ್ಬರಲ್ಲಿ ಮರುಕಳಿಸಿದಷ್ಟೂ ಮುಂದಿನ ಸಲ ಉಗ್ರವಾಗುವ ಸಂಭವವಿದೆ. ಆಗ ಬೇಕಾದದ್ದು ಆಸ್ಪತ್ರೆ, ಥಯಮಿನ್ ಎಂಬ ಬಿ1 ಜೀವಸತ್ವ, ಗಂಟೆಗಂಟೆಗೂ ನೋಡುವ ಕಣ್ಣು. ನಿಮ್ಮ ತಮ್ಮ ಕುಡಿದದ್ದು ಮೂರು ರಾತ್ರಿ, ಅದಾಗಿ ಎರಡು ವಾರ ಕಳೆದಿದೆ. ಈ ಅಪಾಯ ಈಗ ಇಲ್ಲ. ಆದ್ದರಿಂದ, ಜೀವದ ಮೇಲಿನ ಆಸೆ ಬಿಟ್ಟಿಲ್ಲ ಎಂಬುದು ಖಚಿತವಾದರೆ, ಮನೆಯಲ್ಲಿದ್ದುಕೊಂಡೇ, ಕೆಲಸವನ್ನೂ ಬಿಡದೆ, ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣುವುದು ಅವರಿಗೆ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ. ಶಿಕ್ಷೆಯಂತೆ ಒಳಗೆ ಹಾಕಿದರೆ, ಮುಂದಿನ ಸಲ ಹೇಳಿಕೊಳ್ಳಬಾರದು ಎಂಬ ಒಂದೇ ಪಾಠವನ್ನು ಅವರು ಕಲಿಯುತ್ತಾರೆ. ಸೇರಿಸುವುದೇ ಆದರೆ, ಅಲ್ಲಿ ಮನೋವೈದ್ಯರು ನಿಯಮಿತವಾಗಿ ಬರುತ್ತಾರೆಯೇ, ಖಿನ್ನತೆಯ ಔಷಧಿ ಮುಂದುವರಿಸುತ್ತಾರೆಯೇ, ಮನೆಯವರು ಭೇಟಿಯಾಗಬಹುದೇ, ಹೊರಬಂದ ಮೇಲೆ ಯಾರು ನೋಡಿಕೊಳ್ಳುತ್ತಾರೆ ಎಂದು ಮೊದಲೇ ಕೇಳಿ. ಹೊಡೆಯುವ, ಕಟ್ಟಿಹಾಕುವ, ಮನೆಯವರನ್ನು ದೂರವಿಡುವ ಜಾಗಕ್ಕೆ ಚಿಕಿತ್ಸಾಕೇಂದ್ರವೆಂಬ ಹೆಸರು ಸಲ್ಲದು.

ನಿಮ್ಮ ಪ್ರಶ್ನೆ ಮದ್ಯದ ಬಗ್ಗೆ. ಇದನ್ನು ಓದುವ ಕೆಲವರ ಮನೆಯಲ್ಲಿ ಹೆರಾಯಿನ್ ಅಥವಾ ಅಫೀಮು ಜಾತಿಯ ಮಾತ್ರೆಗಳ ವ್ಯಸನ ಇರಬಹುದು, ಅವರಿಗೊಂದು ಮಾತು. ಅಲ್ಲಿ ಕೆಲವು ವಾರ ಬಿಟ್ಟು ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ, ದೇಹದ ತಾಳಿಕೆ ಇಳಿದಿರುವುದರಿಂದ, ಉಸಿರು ನಿಂತು ಸಾವು ಬರಬಹುದು. ಕೇಂದ್ರದಿಂದ ಹೊರಬಂದ ಮೊದಲ ವಾರಗಳು ಅತ್ಯಂತ ಅಪಾಯದ ಕಾಲ. ವಿನ್ಸೆಂಟ್ ಡೋಲ್ ಮತ್ತು ಮೇರಿ ನೈಸ್ವಾಂಡರ್ 1965ರಲ್ಲಿ ನ್ಯೂಯಾರ್ಕ್‌ನಲ್ಲಿ ತೋರಿಸಿಕೊಟ್ಟ ಮೆಥಡೋನ್ ಚಿಕಿತ್ಸೆ (ಹೆರಾಯಿನ್ ಬದಲಿಗೆ ವೈದ್ಯರ ಉಸ್ತುವಾರಿಯಲ್ಲಿ ಕೊಡುವ ಔಷಧ) ಮತ್ತು ಆಮೇಲೆ ಬಂದ ಅದೇ ಬಗೆಯ ಬ್ಯುಪ್ರೆನಾರ್ಫಿನ್ ಈ ಸಾವುಗಳನ್ನು ಗಣನೀಯವಾಗಿ ತಗ್ಗಿಸುತ್ತವೆ. ಅವನ್ನೂ ಇನ್ನೊಂದು ಚಟವೆಂದು ಹೀಗಳೆದು ಬಿಡಿಸುವುದು ಜೀವದ ಜೊತೆ ಆಡಿದಂತೆ.

ಮನೆಯಲ್ಲಿ ಏನು ಮಾಡಬೇಕು ಎಂದು ಕೇಳಿದ್ದೀರಿ. ಮೊದಲು ನಾಚಿಕೆಯ ಬಗ್ಗೆ ತಿಳಿದುಕೊಳ್ಳಿ. ಮನಶ್ಶಾಸ್ತ್ರಜ್ಞ ಅಲನ್ ಮಾರ್ಲಟ್ ಅವರು ಮರುಕಳಿಕೆಯನ್ನು ಅಧ್ಯಯನ ಮಾಡುವಾಗ ಒಂದು ಸಂಗತಿಯನ್ನು ಗುರುತಿಸಿದರು: ಒಂದು ಸಲ ಜಾರಿದವನು "ವ್ರತ ಮುರಿಯಿತು, ನಾನು ಇಷ್ಟೇ, ಇನ್ನೇನಿದೆ" ಎಂದುಕೊಂಡಾಗ, ಆ ಯೋಚನೆಯೇ ಅವನನ್ನು ಪೂರ್ತಿ ಕುಡಿತಕ್ಕೆ ಎಳೆದೊಯ್ಯುತ್ತದೆ, ಅದೇ ಘಟನೆಯನ್ನು "ಎಲ್ಲಿ ಎಡವಿದೆ" ಎಂದು ನೋಡಿದವನು ಹೆಚ್ಚಾಗಿ ಎದ್ದು ನಿಲ್ಲುತ್ತಾನೆ. ನಿಮ್ಮ ತಮ್ಮ ಈಗ ಮೊದಲನೆಯ ಯೋಚನೆಯಲ್ಲಿ ಕೋಣೆ ಸೇರಿದ್ದಾರೆ, ತಂದೆಯವರ ಮಾತು ಹೊರಗಿನಿಂದ ಅದಕ್ಕೆ ಬೀಗ ಹಾಕುತ್ತಿದೆ. ನೀವು ಹೀಗೆ ಹೇಳಿ ನೋಡಿ: "ಎಷ್ಟು ಕುಡಿದೆ ಎಂದು ಲೆಕ್ಕ ಕೇಳಲು ಬಂದಿಲ್ಲ. ನಾಲ್ಕು ತಿಂಗಳಿಂದ ನಿನಗೆ ನಿದ್ದೆ ಇಲ್ಲದ್ದು ನಮಗೆ ಕಾಣುತ್ತಿತ್ತು, ನಾವು ಕೇಳಲಿಲ್ಲ. ಮಾತ್ರೆ ಬಿಡು ಎಂದದ್ದೂ ನಾವೇ. ಡಾಕ್ಟರ ಹತ್ತಿರ ನಾನೂ ಬರುತ್ತೇನೆ, ಅದನ್ನು ನಾನೇ ಹೇಳುತ್ತೇನೆ." ಉತ್ತರ ಬರದಿದ್ದರೆ ಒತ್ತಾಯಿಸಬೇಡಿ, ಮರುದಿನ ಮತ್ತೆ ಹೋಗಿ ಕುಳಿತುಕೊಳ್ಳಿ.

ಚೀಲ ತಡಕುವುದು, ಬಾಯಿ ಮೂಸುವುದು, ಫೋನು ನೋಡುವುದು ಮೊದಲ ದಿನಗಳಲ್ಲಿ ಸಹಜವೆನಿಸಬಹುದು. ಆದರೆ ಕಾವಲುಗಾರನ ಕಣ್ಣಿನಿಂದ ಕುಡಿತ ಮರೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ರಾಬರ್ಟ್ ಮೇಯರ್ಸ್ ಎಂಬ ಮನಶ್ಶಾಸ್ತ್ರಜ್ಞರು ಕುಟುಂಬದವರಿಗೆಂದೇ ರೂಪಿಸಿದ ತರಬೇತಿಯ ತಿರುಳು ಇಷ್ಟು: ಕುಡಿಯದ ಸಂಜೆ ಅವರಿಗೆ ನಿಜವಾಗಿ ಹಿತವಾಗಿರುವಂತೆ ಜೊತೆಗಿರಿ, ಕುಡಿದಾಗ ಜಗಳವಾಡದೆ ದೂರ ಸರಿಯಿರಿ, ಕುಡಿತದ ಪರಿಣಾಮಗಳನ್ನು ಅವರ ಪರವಾಗಿ ಮುಚ್ಚಿಹಾಕಬೇಡಿ. ರಜೆಗೆ ಸುಳ್ಳು ಕಾರಣ ಹೇಳುವ ಫೋನು ಕರೆಯನ್ನು ನೀವು ಮಾಡಬೇಡಿ. ಆದರೆ ಆಸ್ಪತ್ರೆಗೆ ಹೋಗುವ ದಿನ ಎಷ್ಟು ಕಷ್ಟವಾದರೂ ಜೊತೆಗೆ ಹೋಗಿ.

ಜಾರುವ ಮುನ್ನ ಕಂಡ ಗುರುತುಗಳನ್ನು ಅವರ ಬಾಯಿಂದಲೇ ಕೇಳಿ ಒಂದು ಹಾಳೆಯಲ್ಲಿ ಬರೆದಿಡುವುದು ನಾನು ಎಲ್ಲರಿಗೂ ಮಾಡಿಸುವ ಕೆಲಸ. ಒಬ್ಬರಿಗೆ ಅದು ಮೂರು ರಾತ್ರಿ ನಿದ್ದೆ ಇಲ್ಲದಿರುವುದು, ಇನ್ನೊಬ್ಬರಿಗೆ ಊಟ ತಪ್ಪಿಸುವುದು, ಮತ್ತೊಬ್ಬರಿಗೆ ಗೆಳೆಯರ ಫೋನು ಎತ್ತದಿರುವುದು. ಅವು ಕಂಡಾಗ ಯಾರು ಯಾರಿಗೆ ಹೇಳಬೇಕು, ವೈದ್ಯರ ಭೇಟಿಯನ್ನು ಎಷ್ಟು ದಿನದೊಳಗೆ ಮಾಡಬೇಕು ಎಂಬುದನ್ನೂ ಚೆನ್ನಾಗಿರುವಾಗಲೇ ಒಪ್ಪಿಕೊಂಡಿರಬೇಕು. ಒಬ್ಬರೇ ಹೊರಗೆ ತಂಗುವುದು ನಿಮ್ಮ ತಮ್ಮನಿಗೆ ಅಪಾಯದ ಸಂದರ್ಭ ಎಂದು ಈಗ ಗೊತ್ತಾಗಿದೆ. ಕೆಲವು ತಿಂಗಳು ಅಂಥ ಪ್ರಯಾಣ ತಪ್ಪಿಸಲು, ಇಲ್ಲವೇ ರಾತ್ರಿ ನಿಗದಿತ ಹೊತ್ತಿಗೆ ನಿಮಗೆ ಕರೆ ಮಾಡಲು ಸಾಧ್ಯವೇ ನೋಡಿ. ಪರಿಸರದ ಬಲವನ್ನು ಲೀ ರಾಬಿನ್ಸ್ ಅವರ ಅಧ್ಯಯನದಷ್ಟು ಚೆನ್ನಾಗಿ ತೋರಿಸಿದ್ದು ಬೇರೆ ಕಡಿಮೆ. ವಿಯೆಟ್ನಾಂ ಯುದ್ಧದಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದ ಅಮೆರಿಕದ ಸೈನಿಕರಲ್ಲಿ, 1971ರಲ್ಲಿ ಊರಿಗೆ ಮರಳಿದ ಮೇಲೆ ಮೂರು ವರ್ಷಗಳಲ್ಲಿ ಮತ್ತೆ ವ್ಯಸನಕ್ಕೆ ಬಿದ್ದವರು ಶೇ 12ರಷ್ಟು ಮಾತ್ರ. ಇದರಿಂದ ಊರು ಬದಲಿಸಿದರೆ ಸಾಕು ಎಂದುಕೊಳ್ಳುವುದು ತಪ್ಪು. ನಿಮ್ಮ ತಮ್ಮ ಕುಡಿಯಲು ಕಲಿತ ಪರಿಸರಕ್ಕೇ ದಿನವೂ ಮರಳಬೇಕಾಗಿದೆ, ಅವರ ಕೆಲಸ ಅದಕ್ಕಿಂತ ಕಷ್ಟದ್ದು.

ಅದೇ ದಾರಿಯಲ್ಲಿ ನಡೆದವರ ಜೊತೆ ಕೂರುವುದರಿಂದಲೂ ಬಹಳ ಉಪಯೋಗವಿದೆ. 1935ರಲ್ಲಿ ಅಮೆರಿಕದ ಆಕ್ರನ್ ನಗರದಲ್ಲಿ ಆರಂಭವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಇಂದು ಜಗತ್ತಿನಾದ್ಯಂತ ಉಚಿತ ಸಭೆಗಳನ್ನು ನಡೆಸುತ್ತದೆ. ಅದರ ದಾರಿಗೆ ಜನರನ್ನು ವ್ಯವಸ್ಥಿತವಾಗಿ ಸೇರಿಸುವ ಚಿಕಿತ್ಸೆ, ನಿರಂತರವಾಗಿ ಕುಡಿಯದಿರುವ ವಿಷಯದಲ್ಲಿ, ಇತರ ಒಳ್ಳೆಯ ಚಿಕಿತ್ಸೆಗಳಿಗಿಂತ ಹಿಂದಿಲ್ಲ, ಹಲವೆಡೆ ಮುಂದಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ತೂಗಿ ನೋಡಿದ 2020ರ ಕಾಕ್ರೇನ್ ಪರಾಮರ್ಶೆ ಹೇಳಿತು. ಅಲ್ಲಿ ಯಾರಾದರೂ ಮಾತ್ರೆ ಬಿಡು ಎಂದರೆ ಕೇಳಬೇಕಾಗಿಲ್ಲ. ಸದಸ್ಯರು ವೈದ್ಯರ ಪಾತ್ರ ವಹಿಸಬಾರದು ಎನ್ನುವುದು ಆ ಸಂಸ್ಥೆಯದೇ ನಿಲುವು. ಕುಟುಂಬದವರಿಗೆಂದು 1951ರಿಂದ ಅಲ್-ಅನಾನ್ ಗುಂಪುಗಳಿವೆ. ನಿಮಗೂ ನಿಮ್ಮ ತಾಯಿಯವರಿಗೂ ಒಂದೆರಡು ಸಲ ಹೋಗಿ ಬನ್ನಿ ಎನ್ನುತ್ತೇನೆ. ಪತ್ರದ ಉದ್ದಕ್ಕೂ ನೀವು ಎಲ್ಲರ ಬಗ್ಗೆ ಬರೆದಿದ್ದೀರಿ, ನಿಮ್ಮ ನಿದ್ದೆ ಹೇಗಿದೆ ಎಂದು ಒಂದು ಸಾಲೂ ಇಲ್ಲ.

ಈ ಭಯ ಮುಗಿಯುವುದೇ? ಮದ್ಯವ್ಯಸನಿಗಳನ್ನು ದಶಕಗಳ ಕಾಲ ಹಿಂಬಾಲಿಸಿ ಅಧ್ಯಯನ ಮಾಡಿದ ಜಾರ್ಜ್ ವೈಲಂಟ್, ಐದು ವರ್ಷ ಕುಡಿಯದೆ ಕಳೆದವರಲ್ಲಿ ಮರುಕಳಿಕೆ ಅಪರೂಪ ಎಂದು ಕಂಡುಕೊಂಡರು. ಮೊದಲ ವರ್ಷ ಅತಿ ಕಠಿಣ, ಆಮೇಲೆ ವರ್ಷ ವರ್ಷಕ್ಕೂ ನೆಲ ಗಟ್ಟಿಯಾಗುತ್ತ ಹೋಗುತ್ತದೆ. ಮಿದುಳೂ ಅದೇ ಗತಿಯಲ್ಲಿ ನಿಧಾನವಾಗಿ ಚೇತರಿಸಿಕೊಳ್ಳುತ್ತದೆ: ಮೆಥಾಂಫೆಟಮೈನ್ ಎಂಬ ಮಾದಕವಸ್ತುವನ್ನು ಬಿಟ್ಟವರ ಮಿದುಳನ್ನು ಚಿತ್ರಿಸಿ ನೋಡಿದ ನೋರಾ ವೊಲ್ಕೊವ್ ಮತ್ತು ಸಂಗಡಿಗರಿಗೆ, ಕುಗ್ಗಿದ್ದ ಡೋಪಮೈನ್ ಗುರುತುಗಳು ಒಂದು ವರ್ಷ ದಾಟಿದ ಮೇಲೆ ಗಣನೀಯವಾಗಿ ಮರಳಿರುವುದು 2001ರಲ್ಲಿ ಕಂಡಿತ್ತು. ನಿಮ್ಮ ಭಯ ಒಂದು ದಿನ ಥಟ್ಟನೆ ಹೋಗುವುದಿಲ್ಲ. ತಮ್ಮ ತಡವಾಗಿ ಬಂದ ರಾತ್ರಿ ನೀವು ನಿದ್ದೆಹೋಗಿದ್ದಿರಿ ಎಂದು ಮರುದಿನ ಬೆಳಿಗ್ಗೆ ನಿಮಗೇ ಗೊತ್ತಾಗುತ್ತದೆ. ಹಾಗೆ ನನ್ನ ಬಳಿ ಬಂದು ಹೇಳಿದ ತಾಯಂದಿರು, ಹೆಂಡತಿಯರು, ಅಕ್ಕಂದಿರು ಅನೇಕರಿದ್ದಾರೆ.

ಈ ವಾರ ವೈದ್ಯರಲ್ಲಿಗೆ ಹೋಗುವಾಗ ಹಳೆಯ ಔಷಧಿ ಚೀಟಿಗಳು, ಕೇಂದ್ರದಿಂದ ಕೊಟ್ಟ ಕಾಗದ, ಯಾವ ಮಾತ್ರೆಯನ್ನು ಯಾವ ತಿಂಗಳು ನಿಲ್ಲಿಸಿದಿರಿ ಎಂಬ ವಿವರ ಜೊತೆಗಿರಲಿ. ಮಾತ್ರೆ ನಿಂತ ದಿನ, ನಿದ್ದೆ ಕೆಟ್ಟ ದಿನ, ಸಿಡುಕು ಕಂಡ ದಿನ, ಕುಡಿದ ದಿನ ಇವನ್ನು ಅಂದಾಜಿಗಾದರೂ ಒಂದರ ಕೆಳಗೊಂದು ಬರೆದುಕೊಳ್ಳಿ. ಸಾಧ್ಯವಾದರೆ ತಮ್ಮನನ್ನೂ ಜೊತೆಗೆ ಕೂರಿಸಿಕೊಂಡು ಬರೆಯಿರಿ. ತಂದೆಯವರೂ ಅಲ್ಲೇ ಇದ್ದರೆ ಇನ್ನೂ ಒಳ್ಳೆಯದು.